ಎಡಕ್ಕೆ ಬಿದ್ದ ಹೂವು

ನಾಗಶ್ರೀ ಮತ್ತು ತಿಪ್ಪೇಶ ಮೊದಲ ಸಲ ಎದುರುಬದುರಾದ ದಿನ, ಅವಳು ಆಗಷ್ಟೇ ಪ್ರಿಂಟ್ ತೆಗೆದಿಟ್ಟಿದ್ದ ಪಹಣಿಯನ್ನು ಅವನ ಕುರಿಮರಿ ಅರ್ಧ ತಿಂದು ಮುಗಿಸಿತ್ತು.

"ಏನ್ರೀ ಇದು? ಕುರಿನ ಅಂಗಡಿ ಒಳಗೆ ಕರ್ಕೊಂಡು ಬರ್ತಾರೇನ್ರೀ?"

"ತಪ್ಪಾಯ್ತು ಮೇಡಂ. ಕಾಲು ಮುರ್ಕೊಂಡೈತೆ, ಆಸ್ಪತ್ರೆಗೆ ತಂದಿದ್ದೆ. ಹೊರಗೆ ಕಟ್ಟಿದ್ರೆ ನಾಯಿ ಬಿಡಲ್ಲ."

ಶಿಕಾರಿಪುರ ಬಸ್ ಸ್ಟ್ಯಾಂಡ್ ಹತ್ತಿರದ ಆ ಆನ್‌ಲೈನ್ ಸೆಂಟರಿನಲ್ಲಿ ಬೆಳಿಗ್ಗೆಯಿಂದ ಊರವರ ಅರ್ಜಿಗಳನ್ನೆಲ್ಲ ಹಾಕಿ ಹಾಕಿ ಅವಳ ಬೆನ್ನು ಬಿದ್ದುಹೋಗಿತ್ತು. ಬೈಯುವುದಕ್ಕೂ ತ್ರಾಣವಿರಲಿಲ್ಲ. ತಲೆ ಎತ್ತಿ ನೋಡಿದಳು. ಹೆಗಲ ಮೇಲೆ ಕಂಬಳಿ, ತೋಳಲ್ಲಿ ಮರಿ, ಮುಖದಲ್ಲಿ ಪೆಚ್ಚು ನಗು... ಯಾಕೋ ಕೋಪ ಬರಲೇ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ವಾರಕ್ಕೊಮ್ಮೆ ತಿಪ್ಪೇಶನಿಗೆ ಏನಾದರೊಂದು ಅರ್ಜಿ ಹಾಕಬೇಕಾಗುತ್ತಿತ್ತು. ಅರ್ಜಿಗಳು ಮುಗಿದ ಮೇಲೆ ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಸತೊಡಗಿದ. ಅದೇ ಕಾರ್ಡು, ಹನ್ನೊಂದು ಸಲ. ಅಷ್ಟೊಂದು ಯಾತಕ್ಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾಯಿ ಬಿಡುವುದೊಂದು ಬಿಟ್ಟು ಇಬ್ಬರಿಗೂ ಮಿಕ್ಕಿದ್ದೆಲ್ಲ ಬರುತ್ತಿತ್ತು.

ಇಬ್ಬರ ಪರವಾಗಿ ಬಾಯಿ ಬಿಡಲು ಸ್ನೇಹಿತರಿದ್ದರು. ಎಡವಟ್ಟಾಗಿದ್ದೇ ಅಲ್ಲಿ.

ಪಕ್ಕದ ಟೈಲರ್ ಅಂಗಡಿಯ ಮೈತ್ರಿ ನಾಗಶ್ರೀಯ ಗೆಳತಿ. ಒಂದು ಮಂಗಳವಾರ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದಳು.

"ನಾಗೀ, ಬೇಜಾರು ಮಾಡ್ಕೋಬೇಡ ಕಣೇ. ಈಗ ಊರಮ್ಮನ ಗುಡೀಲಿ ತಿಪ್ಪೇಶಣ್ಣ ಪ್ರಸಾದ ಕೇಳ್ತಿದ್ದ. ನಾನು ಕಂಬದ ಹಿಂದೆ ಇದ್ದೆ. ಹೂವು ಎಡಕ್ಕೆ ಬಿತ್ತು."

ಬೋರು ಕೊರೆಸುವುದಿರಲಿ, ಎತ್ತು ಕೊಳ್ಳುವುದಿರಲಿ, ಹೆಣ್ಣು ತರುವುದಿರಲಿ, ಈ ಕಡೆಯ ಜನ ಮನಸ್ಸಿನಲ್ಲೇ ಅಮ್ಮನನ್ನು ಕೇಳಿಕೊಂಡು ಕಾಯುತ್ತಾರೆ. ಮೂರ್ತಿಯ ಮೇಲಿನ ಹೂವು ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿದ್ದ ಮೇಲೆ ಮೀರಿ ನಡೆದವರು ತಿಪ್ಪೇಶನ ಮನೆಯಲ್ಲಿ ಇದುವರೆಗೆ ಯಾರೂ ಇಲ್ಲ.

"ಏನು ಕೇಳಿದ ಅಂತ ನಿಂಗೆ ಹೆಂಗೆ ಗೊತ್ತು?" ಎಂದಳು ನಾಗಶ್ರೀ.

"ಮದ್ವೆ ವಯಸ್ಸಿನ ಗಂಡು ಇನ್ನೇನು ಕೇಳ್ತಾನೆ? ಎದ್ದು ಹೋಗುವಾಗ ಮುಖ ಬಾಡಿ ಹೋಗಿತ್ತು, ಪಾಪ."

ಹಾಗಾದರೆ ನಾನು ಬೇಡವಾದೆ... ನಾಗಶ್ರೀಗೆ ಅಳು ಬರಲಿಲ್ಲ. ಮುಂದಿನವರ ಅರ್ಜಿ ತೆಗೆದುಕೊಂಡಳು.

ಮಾರನೆಯ ದಿನ ತಿಪ್ಪೇಶ ಹನ್ನೆರಡನೇ ಝೆರಾಕ್ಸಿಗೆ ಬಂದ. ಅವಳು ತಲೆ ಎತ್ತದೆ "ಮಿಷನ್ ಕೆಟ್ಟಿದೆ" ಎಂದಳು. ಪಕ್ಕದಲ್ಲೇ ಮಿಷನ್ ಇನ್ಯಾರದೋ ಕಾಗದವನ್ನು ಗರಗರ ಉಗುಳುತ್ತಿತ್ತು. ಅವನು ಮಿಷನ್ನನ್ನೂ ಅವಳನ್ನೂ ನೋಡಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದ.

ಸೊರಬದ ಹೈಸ್ಕೂಲು ಮೇಷ್ಟ್ರೊಬ್ಬರ ಸಂಬಂಧಕ್ಕೆ ಅವಳ ಅಪ್ಪ ರಾಜಪ್ಪ ಎರಡು ತಿಂಗಳಿಂದ ದುಂಬಾಲು ಬಿದ್ದಿದ್ದರು. ಅಂದು ಸಂಜೆ ಮತ್ತೆ ಆ ಮಾತು ತೆಗೆದರು. ಬೇಡ ಎನ್ನಲು ಕಾರಣ ಬೇಕು, ಕಾರಣ ಹೇಳಲು ಶಕ್ತಿ ಬೇಕು. ಅವಳಲ್ಲಿ ಎರಡೂ ಉಳಿದಿರಲಿಲ್ಲ.

"ಭಾನುವಾರ ಬರ್ಲಿ ಬಿಡಿ ಅಪ್ಪಾ. ಅವರು ಒಪ್ಕೊಂಡ್ರೆ ನಂದೇನೂ ತಕರಾರಿಲ್ಲ."

ಹುಡುಗನ ಕಡೆಯವರು ಕೂರುವುದಕ್ಕೆ ಹತ್ತು ಕುರ್ಚಿ ತರಲು ರಾಜಪ್ಪ ಗೂಡ್ಸ್ ಆಟೋ ಗೊತ್ತು ಮಾಡಿದರು. ಆಟೋ ಚನ್ನೇಶನದು. ಚನ್ನೇಶ್ ತಿಪ್ಪೇಶನ ಜೀವದ ಗೆಳೆಯ. ಅಂಜನಾಪುರದಲ್ಲಿ ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ತಿಪ್ಪೇಶ ಕುರಿಮಂದೆ ನಿಲ್ಲಿಸಿದ್ದ. ಅಲ್ಲಿಗೇ ಹೋಗಿ ಚನ್ನೇಶ್ ಸುದ್ದಿ ಮುಟ್ಟಿಸಿದ.

"ನಾಗಶ್ರೀಗೆ ಸೊರಬದ ಮೇಷ್ಟ್ರು ಗಟ್ಟಿ ಆಯ್ತಪ್ಪಾ. ಐವತ್ತು ಕುರ್ಚಿ ತರ್ತಿದೀನಿ."

ಅಂಜನಾಪುರ ಮುಟ್ಟುವಷ್ಟರಲ್ಲಿ ಹತ್ತು ಕುರ್ಚಿ ಐವತ್ತಾಗಿತ್ತು.

ಶುಕ್ರವಾರ ಬೆಳಿಗ್ಗೆ ಚನ್ನೇಶ್ ಅಂಗಡಿ ಮುಂದೆ ಆಟೋ ನಿಲ್ಲಿಸಿ, ಹಣೆಗೆ ಅರಿಶಿನ ಹಚ್ಚಿದ ಕುರಿಮರಿಯೊಂದನ್ನು ಕೌಂಟರಿನ ಮೇಲೆ ಇಟ್ಟ.

"ತಿಪ್ಪೇಶ ಕಳ್ಸಿದಾನಮ್ಮ. ನಿನ್ನ ಮದ್ವೆ ಮುಯ್ಯಿ. ಬೇಕಾದೋರಿಗೆ ಅವರ ಮನೇಲಿ ಮಂದೆಯ ಒಳ್ಳೇ ಮರಿನೇ ಕೊಡೋದು. ಮದ್ವೆ ಹೊತ್ತಿಗೆ ಮಂದೆ ಅಂಜನಾಪುರದಿಂದ ಮುಂದಕ್ಕೆ ಹೋಗಿರ್ತದಂತೆ, ಬರಕ್ಕಾಗಲ್ಲ ಅಂದ."

ನಾಗಶ್ರೀ ಮರಿಯನ್ನು ನೋಡಿದಳು. ಮರಿ ಅವಳನ್ನು ನೋಡಿತು. ಮೂರು ದಿನದಿಂದ ಒಳಗೆ ಸತ್ತಂತೆ ಬಿದ್ದಿದ್ದ ಸಿಟ್ಟು ಆಗ ಎದ್ದು ಕೂತಿತು. ಬೇಡ ಅನ್ನುವುದನ್ನು ಬಾಯಲ್ಲಿ ಹೇಳಲಾರದವನು ಕುರಿಮರಿ ಕೈಲಿ ಹೇಳಿ ಕಳಿಸುತ್ತಾನಾ?

ಶಟರ್ ಎಳೆದು, ಮರಿಯನ್ನು ಎತ್ತಿಕೊಂಡು ಅಂಜನಾಪುರದ ಬಸ್ಸು ಹತ್ತಿದಳು.

"ಎಷ್ಟಕ್ಕೆ ಕೊಡ್ತೀಯವ್ವಾ?" ಎಂದಳು ಪಕ್ಕದ ಸೀಟಿನ ಮುದುಕಿ.

"ಮಾರಕ್ಕಲ್ಲ ಅಜ್ಜಿ, ವಾಪಸ್ ಕೊಡಕ್ಕೆ."

"ಅಯ್ಯೋ, ಲಕ್ಷಣವಾಗೈತಲ್ಲ ಮರಿ, ಯಾಕೆ ವಾಪಸ್ಸು?" ನಾಗಶ್ರೀ ಕಿಟಕಿಯ ಕಡೆ ತಿರುಗಿ ಕೂತಳು.

ತಿಪ್ಪೇಶ ಮಂದೆಯ ಸುತ್ತ ಬಲೆ ಕಟ್ಟುತ್ತಿದ್ದ. ಅವಳನ್ನು ಕಂಡು ಹಗ್ಗ ಕೆಳಗಿಟ್ಟ.

"ಮೇಡಂ... ಮುಯ್ಯಿ ಯಾರಾರ ವಾಪಸ್ ತರ್ತಾರಾ?"

"ಅಮ್ಮ ಬೇಡ ಅಂದ್ಲು ಅಂತ ನೀವೇ ಬಂದು ಹೇಳ್ಬಹುದಿತ್ತು. ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಮಗೆ?"

"ಅಮ್ಮ ಬೇಡ ಅಂದಿದ್ದು ನಿಮಗೆ ಹೆಂಗೆ ಗೊತ್ತು?"

"ಮೈತ್ರಿ ಕಂಬದ ಹಿಂದೆ ಇದ್ಲು."

"ಹೂವು ಕಂಡಿರ್ತದೆ ಅವರಿಗೆ. ನನ್ನ ಮನಸ್ಸಲ್ಲಿದ್ದಿದ್ದು ಕಂಡಿರಲ್ಲ."

"ಹಾಗಾದ್ರೆ ಏನು ಕೇಳಿದ್ರಿ?"

ತಿಪ್ಪೇಶ ನೆಲ ನೋಡಿದ. "ಮಂದೆ ಮಾರಿ ಪ್ಯಾಟೇಲಿ ಏನಾರ ಕೆಲ್ಸಕ್ಕೆ ಸೇರ್ಲಾ ಅಂತ. ಕುರಿ ಕಾಯೋನಿಗೆ ನಿಮ್ಮಪ್ಪಾರು ಹೆಣ್ಣು ಕೊಡ್ತಾರಾ? ಅಮ್ಮ ಮಾರ್ಬೇಡ ಅಂದ್ಲು. ಆದ್ರೂ ನಿಮ್ಮ ಹತ್ರ ಮಾತಾಡಣ ಅಂತ ಬಂದ್ರೆ, ಮಿಷನ್ ಕೆಟ್ಟಿದೆ ಅಂದ್ರಿ."

ನಾಗಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗದ್ದೆಯ ಬದುವಿನ ಮೇಲೆ ಕೂತಳು. ಮರಿ ಅವಳ ತೊಡೆಯಿಂದ ಇಳಿದು ತಾಯಿಯ ಕಡೆ ಓಡಿತು.

"ನನ್ನ ವಿಷ್ಯ ಅಮ್ಮನ್ನ ಕೇಳ್ಲೇ ಇಲ್ವಾ?"

"ಇಲ್ಲ."

"ಯಾಕೆ?"

ಅವನು ಕೆಳಗಿಟ್ಟ ಹಗ್ಗವನ್ನು ಎತ್ತಿ, ಗಂಟು ಹಾಕಿ, ಮತ್ತೆ ಬಿಚ್ಚಿದ.

"ಬೇಡ ಅಂದ್ರೆ ಅಮ್ಮನ ಮಾತು ಕೇಳ್ಬೇಕಲ್ಲ ಮೇಡಂ. ಅದೊಂದು ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೇ ಕೇಳಕ್ಕೇ ಹೋಗ್ಲಿಲ್ಲ."

ಮೂರು ದಿನದಿಂದ ಬಾರದ ಅಳು ಈಗ ಬಂತು. ನಾಗಶ್ರೀ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಅಷ್ಟು ಆಸೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ ಇವನು...

"ಅಮ್ಮನ್ನ ಕೇಳೋದು ಬೇಡ. ನನ್ನ ಕೇಳಿ."

"ಸೊರಬದೋರು? ಐವತ್ತು ಕುರ್ಚಿ?"

"ಹತ್ತು ಕುರ್ಚಿ. ನೋಡೋಕೆ ಬರ್ತಿರೋದು ಅಷ್ಟೇ. ಕೇಳಿ ಅಂದೆ."

ತಿಪ್ಪೇಶ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ನನ್ನ ಮದ್ವೆ ಆಗ್ತೀರಾ ಮೇಡಂ? ಮಂದೆ ಮಾರಂಗಿಲ್ಲ. ವರ್ಷದಾಗೆ ನಾಲ್ಕು ತಿಂಗಳು ಊರೂರು ತಿರುಗ್ತೀನಿ..."

"ಗೊತ್ತು. ನಾನೂ ಅಂಗಡಿ ಬಿಡಂಗಿಲ್ಲ. ಆಗ್ತೀನಿ."

ಅವಳು ಅಲ್ಲೇ ಕೂತು ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ, ಸೊರಬದೋರಿಗೆ ಭಾನುವಾರ ಬರೋದು ಬೇಡ ಅಂತ ಹೇಳ್ಬಿಡಿ."

"ಯಾಕವ್ವಾ, ಏನಾಯ್ತು? ಎಲ್ಲಿದೀಯ ನೀನು? ಏನದು ಕುರಿ ಸದ್ದು? ಯಾರವು?"

ನಾಗಶ್ರೀ ತಿಪ್ಪೇಶನನ್ನು ನೋಡಿದಳು.

"ನಮ್ಮವು ಅಪ್ಪಾ."

ಆ ಕಡೆಯಿಂದ ರಾಜಪ್ಪ ಒಂದೇ ಮಾತು ಹೇಳಿ ಫೋನ್ ಇಟ್ಟರು.

"ಏನಂದ್ರು?" ಎಂದ ತಿಪ್ಪೇಶ.

"ಸಂಜೆ ನಿಮ್ಮನ್ನ ಕರ್ಕೊಂಡು ಬಾ ಅಂದ್ರು. ಬೈಯಕ್ಕೋ ಏನೋ ಗೊತ್ತಿಲ್ಲ."

"ಬೈಸ್ಕೊಳ್ತೀನಿ ಬಿಡಿ." ಅವನು ಅವಳ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು ಕೂತ. "ತುಂಬಾ ದಣಿದಿದೀರಿ ಮೇಡಂ. ಸಂಜೆ ತನಕ ಇಲ್ಲೇ ಕಂಬಳಿ ಮೇಲೆ ಮಲಗಿ. ನಾನು ನೋಡ್ಕೊತೀನಿ."

"ಕುರಿನಾ?"

"ನಿಮ್ಮನ್ನ."

ನಾಗಶ್ರೀ ಆ ಒಂದು ಮೊಳವನ್ನು ಸರಿದು ಕೂತು, ಕಣ್ಣು ಮುಚ್ಚಿದಳು.