ಹೆಸರು ಹೇಳದೆ ಮಾಡಿದ ಫೋನು

"ನಗಬ್ಯಾಡ್ರಿ ಮೇಡಂ. ಮೂರು ಮಂದಿಗೆ ಒಂದ್ ಫೋನ್ ಸಾಕ್ರಿ."

ಶಾಂತಲಾಳ ತುಟಿಯ ಮೇಲಿದ್ದ ನಗು ಅಲ್ಲೇ ಒಣಗಿತು.

ಅದು 2001. ಜಯನಗರದ ಮೊಬೈಲ್ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಕೌಂಟರಿನ ಆಚೆ ನಿಂತ ಮೂವರೂ ಬಾಗಲಕೋಟೆ ಕಡೆಯ ಎಲೆಕ್ಟ್ರಿಷಿಯನ್‌ಗಳು. ಬಿಟಿಎಂ ಲೇಔಟಿನ ಒಂದೇ ರೂಮಿನಲ್ಲಿದ್ದರು. ಮೂವರೂ ಸೇರಿ ಒಂದು ಹ್ಯಾಂಡ್‌ಸೆಟ್ ಕೊಳ್ಳಲು ಬಂದಿದ್ದರು.

ಮಾತಾಡಿದವನು ಸಿದ್ದಾರೂಢ. ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅವಳು ಮೆಲ್ಲಗೆ ಸಾರಿ ಕೇಳಿದಳು.

ಮರುವಾರ ಅವನೊಬ್ಬನೇ ಬಂದ. ಮೆಸೇಜ್ ಕಳಿಸುವುದು ಹೇಗೆಂದು ಕೇಳಿದ. ಒಂದೊಂದು ಅಕ್ಷರಕ್ಕೂ ಅದೇ ಗುಂಡಿಯನ್ನು ಎರಡು ಸಲ, ಮೂರು ಸಲ ಒತ್ತಬೇಕೆಂದು ತಾಳ್ಮೆಯಿಂದ ಹೇಳಿಕೊಟ್ಟಳು. ಕಲಿತ ಮೇಲೂ ಬರುತ್ತಲೇ ಇದ್ದ.

ಅವನು ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ 'ಊಟ ಆಯ್ತಾ' ಎಂದು ಕಳಿಸುವಷ್ಟರಲ್ಲಿ ಅವಳು ಊಟ ಮುಗಿಸಿ ಕೈ ತೊಳೆದಿರುತ್ತಿದ್ದಳು. ಬಂದ ಕರೆಗೂ ದುಡ್ಡು ಹೋಗುತ್ತಿದ್ದ ಕಾಲ. ಒಂದು ಮಿಸ್ಡ್ ಕಾಲ್ ಬಂದರೆ ಅವನು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾನೆ ಎಂದರ್ಥ. ಆ ಪುಟ್ಟ ಹಸಿರು ಸ್ಕ್ರೀನು ಬೆಳಗಿದರೆ ಸಾಕು, ಅವಳ ಮುಖವೂ ಬೆಳಗುತ್ತಿತ್ತು...

ಉತ್ತರಹಳ್ಳಿಯ ಮನೆಯಲ್ಲಿ ಅಪ್ಪ ಗಂಗಯ್ಯನವರಿಗೆ ಅಳುಕುತ್ತಲೇ ವಿಷಯ ಹೇಳಿದಳು. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಹುಡುಗನನ್ನು ಭಾನುವಾರ ಕರೆದುಕೊಂಡು ಬಾ ಎಂದರು.

ಮರುದಿನ ಬೆಳಿಗ್ಗೆ ಶಾಂತಲಾ ಮಿಸ್ಡ್ ಕಾಲ್ ಕೊಡಲಿಲ್ಲ, ಕರೆಯನ್ನೇ ಮಾಡಿದಳು.

ಎತ್ತಿದ್ದು ಹೆಣ್ಣುದನಿ.

"ಅವರು... ಇದಾರಾ?"

"ಅವ್ರು ಜಳಕಾ ಮಾಡಾಕತ್ತಾರ್ರಿ."

"ನೀವು ಯಾರು?"

"ನಾ ಅವ್ರ ಮನ್ಯಾಕಿರಿ."

ಶಾಂತಲಾ ಫೋನ್ ಕಟ್ ಮಾಡಿದಳು. ಮನೆಯಲ್ಲಿ ಹೆಂಡತಿಯನ್ನಿಟ್ಟುಕೊಂಡು ನನ್ನ ಜೊತೆ...! ಅಂದೇ ಸಿಮ್ ಕಿತ್ತು ಬಿಸಾಡಿದಳು. ಅವನು ಅಂಗಡಿಗೆ ಬಂದಾಗ ಒಳಗಿನ ಕೋಣೆಯಲ್ಲಿ ಕೂತು, ಕೆಲಸ ಬಿಟ್ಟಿದ್ದಾಳೆಂದು ಹೇಳಿಸಿದಳು. ಗಾಜಿನ ಆಚೆ ಅವನು ಬಹಳ ಹೊತ್ತು ನಿಂತಿದ್ದ. ಅವಳು ನೋಡಿದಳು, ಎದ್ದು ಹೋಗಲಿಲ್ಲ. ಆಮೇಲೆ ಜೆಪಿ ನಗರದ ಶಾಖೆಗೆ ಕೇಳಿಕೊಂಡು ಹೋದಳು.

ವರ್ಷಗಳು ಕಳೆದವು. ಫೋನಿನ ತಲೆಯ ಮೊಂಡು ಆ್ಯಂಟೆನಾ ಹೋಯಿತು, ಬಣ್ಣದ ಸ್ಕ್ರೀನ್ ಬಂತು, ಮಡಚುವ ಫೋನ್ ಬಂತು, ಕ್ಯಾಮೆರಾ ಬಂತು. ಪ್ರತಿ ಹೊಸ ಮಾಡೆಲ್ಲಿನ ಡಬ್ಬಿ ಬಿಚ್ಚುವಾಗಲೂ ಇದನ್ನು ಅವನಿಗೆ ಮೊದಲು ತೋರಿಸುತ್ತಿದ್ದೆ ಎನ್ನಿಸಿ, ತನ್ನ ಮೇಲೇ ಅವಳಿಗೆ ಕೋಪ ಬರುತ್ತಿತ್ತು. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಅಪ್ಪ ಆ ಚಿಂತೆಯಲ್ಲೇ ಕಣ್ಣು ಮುಚ್ಚಿದರು.

2009ರಲ್ಲಿ, ಟಚ್ ಸ್ಕ್ರೀನ್ ಕೇಳಿಕೊಂಡು ಗಂಡ ಹೆಂಡತಿ ಅಂಗಡಿಗೆ ಬಂದರು. ಗಂಡನ ಗುರುತು ಸಿಕ್ಕಿತು. ಅಂದಿನ ಮೂವರಲ್ಲಿ ಒಬ್ಬ, ಬಸವಂತ. ಅವನೂ ಗುರುತು ಹಿಡಿದು ನಕ್ಕ.

ನಿಮ್ಮ ಸ್ನೇಹಿತರ ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ ಎಂದು ಶಾಂತಲಾ ಕೇಳಿದಳು.

"ಸಿದ್ದಾರೂಢಂದೇನ್ರಿ? ಅಂವ ಎಲ್ಲಿ ಮದ್ವಿ ಆಗ್ಯಾನ್ರಿ ಮೇಡಂ?"

ಶಾಂತಲಾ ಕೈಯಲ್ಲಿದ್ದ ಫೋನನ್ನು ಕೌಂಟರಿನ ಮೇಲಿಟ್ಟಳು. ಅಂದು ಕೇಳಿದ ಹೆಣ್ಣುದನಿಯ ವಿಷಯ ತಡವರಿಸುತ್ತಾ ಹೇಳಿದಳು.

ಬಸವಂತನ ಹೆಂಡತಿ ಹುಲಿಗೆವ್ವ ಬಾಯಿಗೆ ಸೆರಗು ಹಿಡಿದಳು. "ಅಕ್ಕಾರ, ಅದು ನಾನಽ ಇರಬೇಕ್ರಿ. ಲಗ್ನಾಗಿ ಹೊಸದಾಗಿ ಬಂದಿದ್ದೆ, ಮೂರೂ ಮಂದಿ ಫೋನು ಅವತ್ತು ನಮ್ಮವ್ರ ಕಡೆ ಇತ್ತು. ನೀವು ಅವ್ರು ಅಂದ್ರಿ, ನಮ್ಮವ್ರನ್ನಽ ಕೇಳ್ತೀರಿ ಅಂದ್ಕೊಂಡೆ. ಗಂಡನ ಹೆಸರು ನಾ ಹೆಂಗ ಹೇಳ್ಲಿ?"

ಅವಳು ಹೇಳುವಂತಿರಲಿಲ್ಲ. ಶಾಂತಲಾ ಹೇಳಬಹುದಿತ್ತು. ನಾಚಿಕೆ ಬಿಟ್ಟು ಒಂದು ಸಲ ಸಿದ್ದಾರೂಢ ಎಂದಿದ್ದರೆ...

ಬಸವಂತ ಹೇಳಿದ ವಿಳಾಸ ಹಿಡಿದು ಆ ಸಂಜೆಯೇ ಶಾಂತಲಾ ತಲಘಟ್ಟಪುರದ ಬಸ್ ಹತ್ತಿದಳು. ರಸ್ತೆ ಬದಿಯ ಪುಟ್ಟ ಅಂಗಡಿಯಲ್ಲಿ ಸಿದ್ದಾರೂಢ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಅವಳನ್ನು ನೋಡಿ ಎದ್ದು ನಿಂತ.

ನಡೆದದ್ದನ್ನೆಲ್ಲ ಅವಳು ನಿಂತೇ ಹೇಳಿದಳು, ಒಳಗಿನ ಕೋಣೆಯಲ್ಲಿ ಅಡಗಿ ಕೂತಿದ್ದನ್ನೂ ಬಿಡದೆ. ಅವನು ಎಣ್ಣೆಗೈಯನ್ನು ಒರೆಸುತ್ತಲೇ ಇದ್ದ.

"ನಾ ಹೊರಗ ನಿಂತಿದ್ದಾಗ ನೀವು ನೋಡಿದ್ರಿ?"

"ಹ್ಞೂಂ."

"ನನ್ನವ್ವ ಹೋದ ವರ್ಷ ಹೋದ್ಳ್ರಿ. ಸೊಸಿ ನೋಡಬೇಕು ಅಂತಿದ್ಳು."

ಶಾಂತಲಾಳಿಗೆ ದುಃಖ ಉಕ್ಕಿ ಬಂತು. ಅವನು ಸ್ಟೂಲು ಎಳೆದುಕೊಟ್ಟ. ಅವಳು ಕೂತಳು. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಲೇ ಇದ್ದವು.

"ಅಪ್ಪನೂ ಇಲ್ಲ," ಎಂದಳು ಕೊನೆಗೆ. "ಅಮ್ಮ ಒಬ್ರೇ ಇರೋದು. ಒಂದ್ಸಲ ಮನೆಗೆ ಬರ್ತೀರಾ?"

ಅವನು ಕೈ ಒರೆಸಿದ ಬಟ್ಟೆಯನ್ನು ಮೋಟಾರಿನ ಮೇಲೆ ಮಡಚಿಟ್ಟ.

"ಬರ್ತೀನ್ರಿ. ಆದ್ರ ನನ್ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೋದು ಬೇಡ. ಸಿಟ್ಟು ಮಾಡ್ಕೊಂಡೇ ಬನ್ನಿ... ಬನ್ನಿ ಅಷ್ಟೇ."