ಸೋಪಿನ ವಾಸನೆಯ ಮಣ್ಣು

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಮೊಣಕಾಲವರೆಗೆ ಕೆಸರಾಗಿದ್ದಳು. ಕಟ್ಟಡ ಕಟ್ಟುವ ಮೊದಲು ಮಣ್ಣಿನ ಗಟ್ಟಿತನ ಪರೀಕ್ಷಿಸುವ ತಂಡವೊಂದರಲ್ಲಿ ಅವಳು ಹಗ್ಗ ಎಳೆಯುತ್ತಿದ್ದಳು. ಅದೇ ತಂಡದ ಮೇಸ್ತ್ರಿಯಾಗಿದ್ದ ಅವಳ ಅಣ್ಣ ಆ ಬೆಳಿಗ್ಗೆ ಗುಂಡಿ ಕುಸಿದು ಸತ್ತಿದ್ದ.

"ಆಕ್ಸಿಡೆಂಟ್ ಅಂತ ಬರೆದುಕೊಡು ಅಂದ್ರು ಇಂಜಿನಿಯರ್ರು," ಅಂದಳು. "ನಾನು ಬರೆಯಲ್ಲ. ಮಳೆ ಬಂದು ಎರಡು ತಿಂಗಳಾಯ್ತು. ಆ ಗುಂಡಿಗೆ ನೀರೆಲ್ಲಿಂದ ಬಂತು?"

ಇನ್‌ಸ್ಪೆಕ್ಟರಿಗೆ ಠಾಣೆಯಲ್ಲಿ ಬೆನ್ನ ಹಿಂದಿನ ಹೆಸರು ಹುಳಿ ಮೇಡಂ. ಅಳುವವರನ್ನು ಕಂಡರೆ ಅವಳಿಗೆ ಅನುಮಾನ, ಅಳದವರನ್ನು ಕಂಡರೆ ಇನ್ನೂ ಅನುಮಾನ. ಆದರೆ ಈ ಪ್ರಶ್ನೆ ಅವಳಿಗೆ ಹಿಡಿಸಿತು. ಕುರ್ಚಿ ಎಳೆದು ಕೂರಿಸಿದಳು. ನಿರ್ಲಕ್ಷ್ಯದಿಂದ ಸಾವು ಎಂದು FIR ದಾಖಲಾಯಿತು. ಆರೋಪಿ ಸದ್ಯಕ್ಕೆ ಇಂಜಿನಿಯರ್.

ಸ್ಥಳಕ್ಕೆ ಹೋದಾಗ ಹನ್ನೆರಡೂವರೆ. ಒಂದೇ ನಿವೇಶನವನ್ನು ಮಾಲೀಕರಾದ ಅಣ್ಣ ತಮ್ಮ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಆಚೆ ಅಣ್ಣನ ಒಂದಂತಸ್ತಿನ ಮನೆ. ಈಚೆ ತಮ್ಮನ ಖಾಲಿ ಜಾಗ. ಟೈಲ್ಸ್ ವ್ಯಾಪಾರಿಯಾದ ತಮ್ಮನಿಗೆ ಅಲ್ಲಿ ನಾಲ್ಕು ಅಂತಸ್ತು ಏಳಬೇಕಿತ್ತು. ಗೋಡೆಯ ಹಳೇ ಪಾಯ ಎಷ್ಟು ಕೆಳಗಿದೆ ಎಂದು ನೋಡಲು ಅದರ ಬುಡದಲ್ಲಿ ಒಂದೂವರೆ ಆಳು ಆಳದ ಗುಂಡಿ ತೋಡಿದ್ದರು. ಸತ್ತವನ ಚಪ್ಪಲಿ ಇನ್ನೂ ಅದರ ಅಂಚಿನಲ್ಲಿತ್ತು.

"ಗುಂಡಿ ಕುಸಿಯದ ಹಾಗೆ ಬದಿಗೆ ಹಲಗೆ ಆನಿಸಿದ್ರಾ?"

ಇಂಜಿನಿಯರ್ ಟೈ ಸರಿಮಾಡಿಕೊಂಡ. "ಒಂದು ದಿನದ ಕೆಲಸ ಮೇಡಂ, ಅದಕ್ಕೋಸ್ಕರ—"

"ಆನಿಸಿದ್ರೋ ಇಲ್ವೋ?"

"ಇಲ್ಲ."

"ಬರ್ಕೊಳ್ರೀ," ಎಂದಳು ಕಾನ್‌ಸ್ಟೆಬಲ್‌ಗೆ. ಟೈ ಕಟ್ಟಿಕೊಳ್ಳಲು ಪುರುಸೊತ್ತಿತ್ತು, ನಾಲ್ಕು ಹಲಗೆ ಆನಿಸಲು ಇರಲಿಲ್ಲ. "ಈ ಮೂರು ಕಾಲಿನ ಯಂತ್ರ ಏನ್ಮಾಡುತ್ತೆ?"

ಅರವತ್ತು ಚಿಲ್ಲರೆ ಕಿಲೋ ತೂಕದ ಗುಂಡನ್ನು ಹಗ್ಗದಿಂದೆತ್ತಿ ಕಬ್ಬಿಣದ ರಾಡಿನ ತಲೆಯ ಮೇಲೆ ಬೀಳಿಸುತ್ತಾರೆ ಎಂದು ಅವನು ವಿವರಿಸಿದ. ರಾಡು ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕು ಎಂಬುದೇ ಲೆಕ್ಕ. ಹೆಚ್ಚು ಪೆಟ್ಟು ಬೇಕಾದರೆ ಮಣ್ಣು ಗಟ್ಟಿ, ಕಡಿಮೆಯಾದರೆ ಮೆತ್ತಗೆ. ಆ ಲೆಕ್ಕದ ಮೇಲೆ ಪಾಯ, ಪಾಯದ ಮೇಲೆ ಅಂತಸ್ತು.

"ಇಲ್ಲಿ ಏನು ಬಂತು?"

"ಅದೇ ವಿಚಿತ್ರ. ಜಾಗದ ಮಧ್ಯೆ ಇಪ್ಪತ್ತರ ಮೇಲೆ. ಗೋಡೆ ಹತ್ತಿರ ಬರೀ ನಾಲ್ಕು. ಹೀಗಿದ್ರೆ ಎರಡಂತಸ್ತಿಗಿಂತ ಮೇಲೆ ಬೇಡ ಅಂತ ನಿನ್ನೆ ಓನರ್‌ಗೆ ಹೇಳ್ದೆ."

"ಇದರ ಬಗ್ಗೆ ಬೇರೆ ಯಾರಾದ್ರೂ ಕೇಳಿದ್ರಾ?"

"ಪಕ್ಕದ ಮನೆ ದೊಡ್ಡೋರು, ಓನರ್ ಅಣ್ಣ. ಹೋದ ವಾರ ಕಾಫಿ ಕೊಟ್ಟು ಮಾತಾಡ್ಸಿದ್ರು. ಈ ಪೆಟ್ಟು ಯಾವುದರಿಂದ ಕಡಿಮೆ ಬರುತ್ತೆ ಅಂದ್ರು. ನೀರು ಸಾರ್, ಜೇಡಿ ನೆನೆದರೆ ಮುಗೀತು ಅಂದೆ. ಬಹಳ ಆಸಕ್ತಿ ಅವರಿಗೆ."

"ಕೂಲಿಯವರಿಗೂ ಕಾಫಿ ಕೊಟ್ರಾ?"

"ಇಲ್ಲ. ನಂಗೊಬ್ಬನಿಗೇ."

ಪಂಚನಾಮೆ ನಡೆಯುವಾಗ ಇನ್‌ಸ್ಪೆಕ್ಟರ್ ಏಣಿ ಇಳಿದು ಗೋಡೆ ಕಡೆಯ ಕುಸಿದ ಬದಿಯಿಂದ ಒಂದು ಹಿಡಿ ಮಣ್ಣು ಮೂಗಿಗೆ ಹಿಡಿದಳು. ಮೇಲೆ ನಿಂತ ಪಂಚರು ಮುಖ ಮುಖ ನೋಡಿಕೊಂಡರು. ಮಣ್ಣು ಘಮ್ಮೆಂದು ನಿಂಬೆ ಸೋಪಿನ ವಾಸನೆ ಹೊಡೆಯುತ್ತಿತ್ತು. ಉಳಿದ ಮೂರು ಬದಿಯೂ ಒಣಗಿ ಬಿರಿದಿದ್ದವು.

ದೊಡ್ಡವರು ತೆರಿಗೆ ಇಲಾಖೆಯ ನಿವೃತ್ತ ಅಧಿಕಾರಿ. ಬೀಳ್ಕೊಡುಗೆಯ ಫಲಕಗಳ ಕೆಳಗೆ ಕೂತು, ನಿಂತವರಿಗೆ ಕೂರಲು ಹೇಳದೆ ಮಾತಾಡಿದರು.

"ಪಾಪ, ಬಡಪಾಯಿ. ಆದರೆ ನನ್ನ ಮನೆಗೂ ಅದಕ್ಕೂ ಏನಮ್ಮಾ ಸಂಬಂಧ?"

"ಬಟ್ಟೆ ಯಾರು ಒಗೀತಾರೆ?"

"ಇದೆಂಥ ಪ್ರಶ್ನೆ?"

ಉತ್ತರ ಅಡುಗೆಮನೆ ಬಾಗಿಲಿಂದ ಬಂತು. "ಇವರೇ," ಅಂದರು ಹೆಂಡತಿ. "ಮೂವತ್ತೈದು ವರ್ಷದಲ್ಲಿ ಉಂಡ ತಟ್ಟೆ ಎತ್ತಿಟ್ಟವರಲ್ಲ. ಒಂದು ವಾರದಿಂದ ಹೊತ್ತು ಹೊತ್ತಿಗೆ ಮಷಿನ್ ಹಾಕ್ತಾರೆ. ಇರೋರು ಇಬ್ಬರು. ಒಗೆಯೋಕೆ ಬಟ್ಟೆ ಸಾಲದೆ ಕಿಟಕಿ ಪರದೆ ಬಿಚ್ಚಿದ್ರು."

"ನೀನು ಒಳಗೆ ಹೋಗು."

"ಒಳಗೇ ಇದ್ದೀನಲ್ಲ ಇಷ್ಟು ವರ್ಷ."

ಹಿತ್ತಲಿನಲ್ಲಿ ಮಷಿನ್ನಿನ ಪೈಪು ಚರಂಡಿಗೆ ಹೋಗುತ್ತಿರಲಿಲ್ಲ. ಹೊಸದೊಂದು ತುಂಡು ಜೋಡಿಸಿ ಗೋಡೆಯ ಬುಡದಲ್ಲಿ ಕೊರೆದ ತೂತಿಗೆ ತುರುಕಿದ್ದರು. ಕಾಣದಂತೆ ಮುಂದೆ ಹೂಕುಂಡ ಇಟ್ಟಿದ್ದರು. ಕಾನ್‌ಸ್ಟೆಬಲ್ ಅದನ್ನು ಸರಿಸಿ ಫೋಟೋ ತೆಗೆದ.

"ಇವತ್ತು ಬೆಳಿಗ್ಗೆಯೂ ಹಾಕಿದ್ರಾ?" ಇನ್‌ಸ್ಪೆಕ್ಟರ್ ಹೆಂಡತಿಯನ್ನು ಕೇಳಿದಳು.

ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ಹಾಕಿದ್ರು. ಕಿಟಕಿಯಿಂದ ಕಾಣ್ತಿತ್ತು, ಆ ಮನುಷ್ಯ ಗುಂಡಿಗೆ ಇಳೀತಿದ್ದ. ರೀ, ಒಳಗೆ ಜನ ಇದ್ದಾರೆ, ನಿಲ್ಸಿ ಅಂದೆ. ಇನ್ನೊಂದು ಸಲ ಹಾಕಿದ್ರೆ ಆಯ್ತು ಬಿಡು ಅಂದ್ರು."

ದೊಡ್ಡವರು ಎದ್ದು ನಿಂತರು. "ಗುಂಡಿ ಕುಸಿಯುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ? ಅವನು ಯಾಕೆ ಇಳೀಬೇಕಿತ್ತು?"

"ಅದು ಅವನ ಕೆಲಸ ಆಗಿತ್ತು," ಅಂದಳು ಇನ್‌ಸ್ಪೆಕ್ಟರ್. "ನಡೀರಿ."

ಗೊತ್ತಿದ್ದೂ ಸಾವಿಗೆ ಕಾರಣನಾದ ಆರೋಪ ಸೇರಿಸಿ ಸಂಜೆ ಐದೂ ಕಾಲಿಗೆ ದಸ್ತಗಿರಿ ಆಯಿತು. ಹಲಗೆ ಆನಿಸದ ಇಂಜಿನಿಯರನನ್ನೂ ಬಿಡಲಿಲ್ಲ. ದೊಡ್ಡವರಿಗೆ ಜೀಪಿನ ಹಿಂದಿನ ಸೀಟು ಅವಮಾನವೆನಿಸಿತು. ಮುಂದೆ ಕೂರುತ್ತೇನೆ ಎಂದು ಹಟ ಹಿಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೇಳಿಕೆ ಕೊಡುವಾಗ ಅವರು ತಮ್ಮನ ಮೇಲೆ ದ್ವೇಷವಿದೆ ಎನ್ನಲಿಲ್ಲ. ಬಿಸಿಲು ತಪ್ಪುತ್ತದೆ, ಗಾಳಿ ತಪ್ಪುತ್ತದೆ ಎಂದೂ ಹೇಳಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಇಬ್ಬರನ್ನೂ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸುತ್ತಿದ್ದರಂತೆ. ತಮ್ಮ ಹದಿಮೂರಕ್ಕೇ ಅಣ್ಣನನ್ನು ಮೀರಿ ಬೆಳೆದಿದ್ದ. ನೆಂಟರೆಲ್ಲ ನಕ್ಕಿದ್ದರು. "ಅವನ ಮುಖ ನೋಡೋಕೆ ಕತ್ತೆತ್ತಬೇಕು," ಅಂದರು. "ಅವನ ಮನೆ ನೋಡೋಕೂ ಕತ್ತೆತ್ತಬೇಕಾ?"

ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿ ಮೇಡಂ ಕಡೆ ನೋಡಿದ. "ಇಷ್ಟೇನಾ?"

"ಇಷ್ಟೇ. ಬರ್ಕೊ."

ಹೊರಗೆ ಬೆಂಚಿನ ಮೇಲೆ ಸತ್ತವನ ತಂಗಿ ಕಾಯುತ್ತಿದ್ದಳು. ಇನ್‌ಸ್ಪೆಕ್ಟರ್ ಹೋಗಿ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದಳು. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಅಣ್ಣ ಗುಂಡಿಯೊಳಗಿದ್ದದ್ದು ಆತನಿಗೆ ಗೊತ್ತಿತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಸುಳ್ಳಿನಿಂದ ಉಪಕಾರವಾಗುವುದು ಠಾಣೆಯೊಳಗೆ ಕೂತ ಆರೋಪಿಗೆ ಮಾತ್ರ.

"ಗೊತ್ತಿತ್ತಮ್ಮ," ಅಂದಳು.