ಮೂರನೇ ತರಗತಿಯ ಷರಾ

ಸೋಮವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ 8.20. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಭಾನುವಾರ ಯಾರೋ ಕಿಟಕಿಯ ಚಿಲಕ ಕಿತ್ತು ದಾಖಲೆ ಕೋಣೆಗೆ ನುಗ್ಗಿದ್ದರು. ಕಂಪ್ಯೂಟರ್ ಇದ್ದಲ್ಲೇ ಇತ್ತು. ವರ್ಷಕ್ಕೊಂದರಂತೆ ಇದ್ದ ಮೂರನೇ ತರಗತಿಯ ಪ್ರಗತಿ ಪುಸ್ತಕಗಳನ್ನು ಮಾತ್ರ ಬೀರುವಿನಿಂದ ಎಳೆದು ಹಾಕಿದ್ದರು.

"ಅದ್ರಲ್ಲಿ ಏನಿರತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮಕ್ಕಳ ಹೆಸರು, ಮನೆ ವಿಳಾಸ, ಸಂಜೆ ಕರ್ಕೊಂಡು ಹೋಗೋರು ಯಾರು, ಎಲ್ಲಾ ಇರತ್ತೆ ಮೇಡಂ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಅವರ ಮಗಳೂ ಅದೇ ಶಾಲೆಯಲ್ಲಿ ಮೂರನೇ ತರಗತಿ. ಖಾಕಿ ತೊಟ್ಟ ಮಾತ್ರಕ್ಕೆ ಹೆತ್ತ ಕರುಳು ಸುಮ್ಮನಿರುತ್ತದೆಯೇ? ಎಫ್‌ಐಆರ್‌ಗೆ ಅವರು ಸಹಿ ಹಾಕುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಜೀಪು ಹತ್ತಿ ಕೂತಿದ್ದರು. ಕೆಮ್ಮಿದರೂ ಗಂಟೆ ನಿಮಿಷ ಬರೆದಿಡುವ ಅವರನ್ನು ಠಾಣೆಯಲ್ಲಿ ಎಲ್ಲರೂ ಗಡಿಯಾರದವರು ಎಂದೇ ಕರೆಯುತ್ತಿದ್ದರು.

9.05ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಗೇಟಿನಾಚೆ ಆಗಲೇ ತಂದೆತಾಯಂದಿರ ಗುಂಪು. ಮಕ್ಕಳ ಕಳ್ಳ ಎಂಬ ಸುದ್ದಿ ಬಾಯಿಂದ ಬಾಯಿಗೆ ಬಿದ್ದು, ಹತ್ತು ಗಂಟೆಯ ಹೊತ್ತಿಗೆ ಒಬ್ಬ ಕಳ್ಳ ಆರು ಜನವಾಗಿದ್ದ. ಇನ್ಸ್‌ಪೆಕ್ಟರ್ ಎರಡು ಸಲ ತರಗತಿಯ ಬಾಗಿಲಲ್ಲಿ ಇಣುಕಿ, ಮಗಳ ಜಡೆ ಕಂಡ ಮೇಲೆಯೇ ಕೆಲಸಕ್ಕೆ ಮರಳಿದರು.

ಕೋಣೆಯಲ್ಲಿ ಅರ್ಧ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಮತ್ತೆ ಜೋಡಿಸಿಡಲಾಗಿತ್ತು, ಇನ್ನರ್ಧ ನೆಲದ ಮೇಲೆ ಬಿದ್ದಿದ್ದವು.

"ಆರಂಭಶೂರ ಮೇಡಂ, ನನ್ನ ಅಳಿಯನ ಥರ," ಎಂದರು ಗಡಿಯಾರದವರು. ಯಾರೂ ನಗಲಿಲ್ಲ.

ಶಾಲೆಯ ಗುಮಾಸ್ತ ಕೂತು ವರ್ಷದ ಪ್ರಕಾರ ಜೋಡಿಸಿದ. 11.40ಕ್ಕೆ ತಲೆ ಎತ್ತಿದ. ಈ ವರ್ಷದ್ದು ಇತ್ತು, ಕಳೆದ ವರ್ಷದ್ದೂ ಇತ್ತು. ಕಾಣೆಯಾಗಿದ್ದು ಮೂವತ್ತು ವರ್ಷದ ಹಿಂದಿನ ಒಂದೇ ಒಂದು ಪುಸ್ತಕ. ಇನ್ಸ್‌ಪೆಕ್ಟರ್‌ಗೆ ಹೋದ ಜೀವ ಬಂದಂತಾಯಿತು.

"ಅದನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?"

"ಒಬ್ಬರು ನರ್ಸಮ್ಮ ಬಂದಿದ್ರು. ಮೊದಲ್ನೇ ಸಲ ಗುರುತಿನ ಚೀಟಿ ಮರೆತಿದ್ರು. ಎರಡ್ನೇ ಸಲ ಅರ್ಜಿಗೆ ಸಹಿ ಇರ್ಲಿಲ್ಲ. ಮೂರ್ನೇ ಸಲ ರಜಾ ದಿನ ಬಂದು ಗೇಟ್ ಬಡಿದ್ರಂತೆ. ಇನ್ಶೂರೆನ್ಸ್‌ಗೆ ಬೇಕು ಅಂತಿದ್ರು. ನಿಯಮ ಅಂದ್ರೆ ನಿಯಮ, ವಾಪಸ್ ಕಳಿಸ್ಬಿಟ್ಟೆ."

ಮಧ್ಯಾಹ್ನ 2.15. ಆಸ್ಪತ್ರೆಯ ಶಿಶು ವಾರ್ಡು. ಖಾಕಿ ಕಂಡೊಡನೆ ನರ್ಸ್ ಬಿಳಿಚಿಕೊಂಡಳು. ವಯಸ್ಸು ಮೂವತ್ತೆಂಟು. ಎಡ ಮುಂಗೈ ತುಂಬ ಪೆನ್ನಿನಲ್ಲಿ ತೊಟ್ಟಿಲ ನಂಬರು, ಔಷಧದ ವೇಳೆ.

"ಪುಸ್ತಕ ಎಲ್ಲಿ?"

"ಇಲ್ಲೇ, ನನ್ನ ಬೀರುವಿನಲ್ಲಿ. ಐದು ನಿಮಿಷ ಕೊಡಿ ಮೇಡಂ, ಯಾವ ಮಗುಗೆ ಏನು ಕೊಟ್ಟಿದೀನಿ ಅಂತ ಇನ್ನೊಬ್ರು ಸಿಸ್ಟರ್‌ಗೆ ಹೇಳ್ಬಿಟ್ಟು ಬರ್ತೀನಿ."

"ಯಾಕೆ ಕದ್ರಿ ಸಿಸ್ಟರ್?"

ಅವಳು ಜೇಬಿನಿಂದ ಮಡಚಿ ಮಡಚಿ ಸವೆದ ಪತ್ರ ತೆಗೆದಳು. ವಿಮಾ ಕಂಪನಿಯದು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ದೊಡ್ಡವರಾದ ಮೇಲೆ ಹೊಸದಾಗಿ ಬರುವುದಿಲ್ಲ. ಹನ್ನೆರಡು ವರ್ಷಕ್ಕೆ ಮುಂಚೆಯೇ ಇತ್ತೆಂಬುದಕ್ಕೆ ಲಿಖಿತ ಪುರಾವೆ ಮೂವತ್ತು ದಿನದೊಳಗೆ ತಲುಪಬೇಕು. ತಪ್ಪಿದರೆ ಮಾತ್ರೆಗೆ ವಿಮೆ ಇಲ್ಲ. ಕೊನೆಯ ದಿನ ಹದಿನೈದು. ಅಂದರೆ ನಾಳೆ.

"ಅಮ್ಮ ಇದ್ದಿದ್ರೆ ಅವಳೇ ಬರೆದುಕೊಡ್ತಿದ್ಲು. ಮೂರನೇ ಕ್ಲಾಸಿನ ಮೇಷ್ಟ್ರು ನನ್ನ ಬಗ್ಗೆ ಬರೆದಿದ್ದು ನೆನಪಿತ್ತು. ಮಾತ್ರೆ ತಗೊಂಡ ನಾಲ್ಕು ತಿಂಗಳು ಒಂದೂ ತಪ್ಪಾಗ್ಲಿಲ್ಲ ಮೇಡಂ. ವಿಮೆ ದುಡ್ಡು ಸಿಗದೆ ಅದು ನಿಂತ ಮೇಲೆ ಒಂದಿನ ಸಿರಿಂಜ್ ಹಿಡ್ಕೊಂಡು ತೊಟ್ಟಿಲ ಹತ್ರ ನಿಂತ್ಬಿಟ್ಟೆ. ಕೊಟ್ಟಾಯ್ತಾ, ಇನ್ನೂ ಕೊಡ್ಬೇಕಾ, ಗೊತ್ತಾಗ್ಲಿಲ್ಲ. ಕೊಡೋಕೂ ಭಯ, ಬಿಡೋಕೂ ಭಯ."

ಇನ್ಸ್‌ಪೆಕ್ಟರ್ ತೊಟ್ಟಿಲುಗಳ ಸಾಲು ನೋಡಿದರು. ಬೆಳಿಗ್ಗೆಯ ಹೆದರಿಕೆಯೇ ಬೇರೆ ಬಾಗಿಲಿಂದ ಒಳಬಂದಂತಿತ್ತು.

"ಪುಸ್ತಕನ ನಾಳೆ ವಿಮೆಯವರಿಗೆ ಕಳಿಸ್ಬಹುದಾ?" ನರ್ಸ್ ಕೇಳಿದಳು.

"ಆಗಲ್ಲ. ಅದೀಗ ಮುದ್ದೆಮಾಲು. ಕೋರ್ಟಿಗೆ ಹೋಗತ್ತೆ."

ನರ್ಸ್ ಪತ್ರವನ್ನು ಮತ್ತೆ ಮಡಚತೊಡಗಿದಳು. ಇನ್ಸ್‌ಪೆಕ್ಟರ್ ಬೀರುವಿನಿಂದ ಪುಸ್ತಕ ತರಿಸಿ, ಪುಟ ತಿರುವಿ ಓದಿ, ಅದನ್ನು ವಶಪಡಿಸಿಕೊಂಡ ಅಮಾನತು ಪಂಚನಾಮೆ ಬರೆಯಲು ಗಡಿಯಾರದವರಿಗೆ ಹೇಳಿದರು.

"ಪುಸ್ತಕ ಒಂದು, ನೀಲಿ ರಟ್ಟು. ಸಾಕಲ್ವಾ ಮೇಡಂ?"

"ಸಾಲಲ್ಲ. ಪುಟ ನಲವತ್ತೊಂದರ ಷರಾ ಪೂರ್ತಿ ಬರ್ಕೊಳ್ಳಿ. ಒಂದಕ್ಷರ ಬಿಡ್ಬೇಡಿ."

ಗಡಿಯಾರದವರು ಒಮ್ಮೆ ಮೇಡಂ ಮುಖ ನೋಡಿ, ಗಟ್ಟಿಯಾಗಿ ಓದುತ್ತ ಬರೆದರು: "ಹುಡುಗಿ ಜಾಣೆ. ಆದರೆ ಗಮನ ಒಂದು ಕಡೆ ನಿಲ್ಲುವುದಿಲ್ಲ. ದಿನವೂ ಪುಸ್ತಕ, ಪೆನ್ಸಿಲ್ ಕಳೆದುಕೊಳ್ಳುತ್ತಾಳೆ. ಬೈದರೆ ಅಳುತ್ತಾಳೆ, ತಿದ್ದಿಕೊಳ್ಳಲು ಆಗುವುದಿಲ್ಲ. ಸೋಮವಾರ ತಂಗಿಯನ್ನು ಶಾಲೆಯಲ್ಲೇ ಮರೆತು ಮನೆಗೆ ಹೋದಳು." ಪಂಚರಾಗಿ ನಿಂತಿದ್ದ ಡಾಕ್ಟರೂ ಲಿಫ್ಟ್ ನಡೆಸುವವರೂ ಸಹಿ ಹಾಕಿದರು.

4.30ಕ್ಕೆ ನರ್ಸನ್ನು ಬಂಧಿಸಿ, ಮನೆಯವರಿಗೆ ತಿಳಿಸಲಾಯಿತು. ಓಡಿಬಂದವಳು ಆ ತಂಗಿಯೇ. ಪಂಚನಾಮೆಯ ನಕಲನ್ನು ಅವಳ ಕೈಗಿತ್ತರು. ಓದುತ್ತಿದ್ದಂತೆ ಅವಳ ಕಣ್ಣು ತುಂಬಿ ಬಂತು.

"ಇದನ್ನ ವಿಮೆಯವರು ಒಪ್ತಾರಾ ಮೇಡಂ?"

"ಗೊತ್ತಿಲ್ಲಮ್ಮ. ಸಹಿ ಇದೆ, ಮೊಹರಿದೆ. ನಾಳೆ ಸಂಜೆಯೊಳಗೆ ತಲುಪ್ಸಿ."

"ನಾನೇ ಹೋಗಿ ಕೊಡ್ತೀನಿ. ಅಕ್ಕನ ಕೈಗೆ ಕೊಟ್ರೆ ಬಸ್ಸಲ್ಲೇ ಬಿಟ್ಟು ಬರ್ತಾಳೆ," ಎಂದು ಅಳುತ್ತಲೇ ನಕ್ಕಳು.

6.10ಕ್ಕೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಆಮೇಲೆ ಬರೆದರು: ಒಂದು ಮಗುವಿಗೆ ಎರಡು ಸಲ ಔಷಧ ಕೊಟ್ಟುಬಿಡುವೆನೆಂಬ ಹೆದರಿಕೆ.